ಆಷಾಢದಲ್ಲಿ ಖಾಲಿ ಮಾಡಿಟ್ಟ ಬ್ಯಾಟರಿ

ಆಷಾಢದಲ್ಲಿ ಮದುವೆಗಳಿಲ್ಲ. ದಾವಣಗೆರೆಯ ನಮ್ಮ ಸ್ಟುಡಿಯೋದ ವಿಡಿಯೋ ಕ್ಯಾಮೆರಾ ಆ ತಿಂಗಳು ಪೆಟ್ಟಿಗೆ ಸೇರುತ್ತದೆ. ೧೯೯೮ರಲ್ಲಿ ಅದಕ್ಕೆ ಹೊಸ ಲಿಥಿಯಂ ಬ್ಯಾಟರಿ ಬಂದಿತ್ತು. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ಎತ್ತಿಡಬೇಕೆಂದು ಎಲೆಕ್ಟ್ರಾನಿಕ್ಸ್ ಕಲಿಸುವ ಸಂಜೆ ತರಗತಿಯಲ್ಲಿ ಬರೆದುಕೊಂಡಿದ್ದೆ. ಅದು ಹಳೆಯ ಬಗೆಯ ಬ್ಯಾಟರಿಗೆ ಹೇಳಿದ ಮಾತು, ಲಿಥಿಯಂ ಬ್ಯಾಟರಿ ಹಾಗೆ ಪೂರ್ತಿ ಖಾಲಿಯಾದರೆ ಕೆಡುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಕ್ಯಾಮೆರಾ ತಾನಾಗಿ ಆಫ್ ಆದ ಮೇಲೂ ಸಮಾಧಾನವಾಗದೆ, ಸ್ಕೂಟರಿನ ಬಲ್ಬೊಂದನ್ನು ಕಟ್ಟಿ, ಅದು ಆರುವವರೆಗೂ ಕಾದು ಕೂತಿದ್ದೆ.

ಶ್ರಾವಣ ಹುಟ್ಟಿದ ಮೂರನೇ ದಿನ ಹರಿಹರದಿಂದ ಪ್ರೇಮಲತಾ ಫೋನ್ ಮಾಡಿದಳು. ಸಂಜೆ ತರಗತಿಯಲ್ಲಿ ನನ್ನ ಜೊತೆ ಓದಿದವಳು. ಅವಳ ತಾಯಿ ಯಲ್ಲಕ್ಕನಿಗೆ ಹುಟ್ಟಿನಿಂದ ಮಾತಿಲ್ಲ, ಹೇಳುವುದೆಲ್ಲ ಕೈಯಲ್ಲೇ. ಆರು ತಿಂಗಳ ಕಾಯಿಲೆಯಲ್ಲಿ ಆ ಕೈಗಳೂ ಸೋತಿದ್ದವು.

“ಅವ್ವ ಇವತ್ತು ಕೈ ಎತ್ತತಾಳೆ, ಬಕ್ಕೇಶಣ್ಣ. ನನ್ನ ಹೆಸರು ಹಿಡಿದು ಕರದ್ಲು. ಜಲ್ದಿ ಬರ್ರಿ, ಫೋಟೋದಾಗ ಅದು ಬರಂಗಿಲ್ಲ.”

ಬ್ಯಾಟರಿಯನ್ನು ಒಂದು ಗಂಟೆ ಚಾರ್ಜಿಗೆ ಹಾಕಿದೆ. ಚಾರ್ಜ್ ಏರದೆ ಕೆಂಪು ದೀಪ ಮಿನುಗುತ್ತಲೇ ಇತ್ತು. ಹೋಗಲಿ, ಅವರ ಮನೆಯಲ್ಲಿ ಕರೆಂಟಿಗೇ ವೈರು ಸಿಕ್ಕಿಸಿ ತೆಗೆದರಾಯಿತು ಎಂದು ಬಸ್ಸು ಹತ್ತಿದೆ.

ಹರಿಹರದಲ್ಲಿ ಕರೆಂಟು ಇರಲಿಲ್ಲ.

ಯಲ್ಲಕ್ಕ ಗೋಡೆಗೆ ಒರಗಿ ಕೂತಿದ್ದರು. ಮಗಳನ್ನು ಕಂಡು ಕೈ ನಿಧಾನವಾಗಿ ಮೇಲೆದ್ದಿತು. ತಮ್ಮ ಕಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಆ ಬೆರಳುಗಳನ್ನು ಎದೆಗೆ ಒತ್ತಿಕೊಂಡರು. ಅವರ ಕೈಮಾತಿನಲ್ಲಿ ಪ್ರೇಮಲತಾ ಎಂದರೆ ಅದು. ಎಳೆಗೂಸಿಗೆ ಕಿವಿ ಚುಚ್ಚಿಸಿದ ದಿನ ಇಟ್ಟ ಹೆಸರಂತೆ.

ಗುಂಡಿ ಒತ್ತಿದರೆ ಕ್ಯಾಮೆರಾ ಆನ್ ಆಗಲಿಲ್ಲ. ಬ್ಯಾಟರಿ ತೆಗೆದು ನೋಡಿದೆ. ಒಂದು ಪಕ್ಕ ಉಬ್ಬಿತ್ತು.

ಪ್ರೇಮಲತಾಳ ಗಂಡ ಶ್ರೀನಿವಾಸ ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ಹೊತ್ತು ತಂದ. “ಎರಡು ವೈರ್ ಹಚ್ಚಿ ಇದರಿಂದ ಚಾರ್ಜ್ ಮಾಡ್ರಿ. ಐದು ನಿಮಿಷ ಓಡಿದ್ರೆ ಸಾಕು.”

“ಬ್ಯಾಡ. ಉಬ್ಬೈತೆ. ಬೆಂಕಿ ಹತ್ತಿದ್ರೆ ಅವ್ವ ಇಲ್ಲೇ ಕುಂತಾರೆ.”

“ಕ್ಯಾಮೆರಾಕಾದ್ರೂ ಹಚ್ಚರಿ!”

“ಅದು ಇಷ್ಟು ವೋಲ್ಟು ತಡಿಯಲ್ಲ, ಸುಟ್ಟುಹೋಗ್ತದೆ.”

“ಓದಿದೋರು ಹೆದರೋದಕ್ಕೇ ಓದೀರೇನ್ರಿ?”

ಪ್ರೇಮಲತಾ ತಾಯಿಯ ಕೈ ಹಿಡಿದು ಗೋಡೆಯ ಮೇಲೆ ಆರಿದ್ದ ಬಲ್ಬಿನ ಕಡೆ ನೋಡುತ್ತ ಕೂತಳು. ನಾನು ಬ್ಯಾಟರಿಯನ್ನು ಅಂಗಳದಾಚೆ ಒಯ್ದು ಮರಳಿನ ಮೇಲಿಟ್ಟು ಬಂದೆ. ನಾನು ಹೆದರಿದ್ದು ಬೆಂಕಿಗೋ, ಸ್ಟುಡಿಯೋ ಯಜಮಾನರು ಬೈದಾರೆಂದೋ, ಈಗಲೂ ಖಚಿತವಾಗಿ ಹೇಳಲಾರೆ.

ಯಲ್ಲಕ್ಕ ಇನ್ನೂ ಎರಡು ಸಲ ಕಿವಿ ಮುಟ್ಟಿದರು. ಆಮೇಲೆ ಕೈ ಮಡಿಲಿಗೆ ಜಾರಿತು.

ಐದೂವರೆಗೆ ಬಲ್ಬು ಹತ್ತಿತು. ವೈರು ಸಿಕ್ಕಿಸಿ ಕ್ಯಾಮೆರಾ ಹಿಡಿದೆ. “ಅವ್ವಾ, ನಾನ್ಯಾರು ಹೇಳು?” ಎಂದು ಪ್ರೇಮಲತಾ ಎದುರಿಗೆ ಕೂತು ತನ್ನ ಕಿವಿ ಹಿಡಿದು ತೋರಿಸಿದಳು. ಯಲ್ಲಕ್ಕ ಕಣ್ಣು ತೆರೆದು ನೋಡುತ್ತಿದ್ದರು. ಬೆರಳು ಏಳಲಿಲ್ಲ. ಮತ್ತೆ ತೋರಿಸಿದಳು. ಮತ್ತೆ.

ಅದಾದ ನಾಲ್ಕನೇ ದಿನ ಯಲ್ಲಕ್ಕ ತೀರಿಹೋದರು.

ಆ ಟೇಪು ಪ್ರೇಮಲತಾಳ ಹತ್ತಿರವಿದೆ. ಅದರಲ್ಲಿ ಕಿವಿ ಹಿಡಿದುಕೊಂಡಿರುವವಳು ಅವಳೊಬ್ಬಳೇ.