ಶಾಕೀರನ ನಂಬರು

ಸಿಂಧನೂರಿನಲ್ಲಿ ನಾನೂ ಶಿವಕಾಂತಣ್ಣನೂ ಪಾಲಿನಲ್ಲಿ, ಮನೆಮನೆಗೆ ಲೈನು ಕೊಡುವ ಇಂಟರ್‌ನೆಟ್ ಅಂಗಡಿ ನಡೆಸುತ್ತೇವೆ. ನಡೆಸುತ್ತಿದ್ದೆವು ಅನ್ನಬೇಕೇನೋ. ಮನೆಗಳಿಂದ ಹೊರಟ ಪ್ಯಾಕೆಟ್ಟು, ಅಂದರೆ ಮೆಸೇಜು-ಗಿಸೇಜಿನ ತುಣುಕು, ನಮ್ಮ ಸರ್ವರ್ ದಾಟುವಾಗ, ಸರ್ವರನ್ನು ನಡೆಸುವ ಮೂಲ ಸಾಫ್ಟ್‌ವೇರು ಕರ್ನಲ್ ಹಳೆಯ ವಿಳಾಸ ಅಳಿಸಿ, ಆ ಮನೆಗೆಂದು ಕೊಟ್ಟ ಹೊರಗಿನ ನಂಬರು ಬರೆಯುತ್ತದೆ. ಊರಾಚೆಯವರಿಗೆ ಕಾಣುವುದು ಆ ನಂಬರೊಂದೇ. ಪೊಲೀಸರು ಹುಡುಕುವುದೂ ಅದನ್ನೇ.

ಹೋದ ತಿಂಗಳು ಅದನ್ನೇ ಹಿಡಿದು ನಮ್ಮ ಮನೆಗೆ ಬಂದರು. ಮಸ್ಕಿಯ ಒಬ್ಬ ಟೀಚರಿಗೆ ಯಾರೋ ಹೊಲಸು ಮೆಸೇಜು ಕಳಿಸಿದ್ದರು, ನಂಬರು ನಮ್ಮ ಮನೆಯದು. ಮನೆಯಲ್ಲಿ ಗಂಡಸೆಂದರೆ ನನ್ನ ತಮ್ಮ ಶಾಕೀರ್ ಒಬ್ಬನೇ. ಅತ್ತು ಆಣೆ ಮಾಡಿದ, ಕೇಳುವವರ್ಯಾರು? ಹಿಡಿದೊಯ್ದು ಒಳಗೆ ಹಾಕಿದರು. ಲಿಂಗಸುಗೂರಿನ ಆರ್ಜೂ ಜೊತೆ ಗೊತ್ತಾಗಿದ್ದ ನಿಕಾಹ್ ಮುರಿದುಬಿತ್ತು. ಜಾಮೀನಿಗೆ ಓಡಾಡಿದವನು, ಅಮ್ಮಿಗೆ ಧೈರ್ಯ ಹೇಳಿದವನು ಶಿವಕಾಂತಣ್ಣ. ದೇವರಂಥ ಮನುಷ್ಯ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನಿನ್ನೆ ಸರ್ವರಿಗೆ ಹೊಸ ಕರ್ನಲ್ ಹಾಕಿದೆ. ವಿಳಾಸ ಸರಿಯಾಗಿ ಬದಲಾಗುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕು. ಗಿರಾಕಿಯ ಲೈನು ಮುಟ್ಟುವ ಮೊದಲು ಪಾಲುದಾರರ ಮನೆಯ ಲೈನಿನಲ್ಲಿ ನೋಡುವುದು ನಮ್ಮ ಪದ್ಧತಿ. ಕೆಟ್ಟರೆ ನಮ್ಮದೇ ಕೆಡಲಿ ಅಂತ. ಪ್ರತಿ ಸಲ ನಮ್ಮ ಮನೆಯದೇ ಆಗುತ್ತಿತ್ತು. ಈಗ ಪೊಲೀಸರು ನಮ್ಮ ಮನೆಯ ಇಂಟರ್‌ನೆಟ್ ಪೆಟ್ಟಿಗೆ ಒಯ್ದಿದ್ದರಿಂದ ಶಿವಕಾಂತಣ್ಣನ ಮನೆಗೆ ಹೋದೆ. ಅವನಿರಲಿಲ್ಲ. ಹೆಂಡತಿ ಸುಕನ್ಯಕ್ಕ ಚಹಾ ಕೊಟ್ಟಳು. ಲ್ಯಾಪ್‌ಟಾಪಿನಿಂದ ಪ್ಯಾಕೆಟ್ಟು ಹೋಗುತ್ತಲೇ ಇರುವಂತೆ ಮಾಡಿ, ಅದನ್ನಲ್ಲೇ ಬಿಟ್ಟು ಅಂಗಡಿಗೆ ಬಂದೆ.

ನೋಡಿದರೆ ಎಲ್ಲವೂ ನಮ್ಮ ಮನೆಯ ನಂಬರು ಹೊತ್ತು ಹೊರಗೆ ಹೋಗುತ್ತಿವೆ. ಹೊಸ ಕರ್ನಲ್ಲಿಗೆ ಬೈದು ಹಳೆಯದನ್ನೇ ಹಾಕಿದೆ. ಮತ್ತೂ ಹಾಗೇ. ಆಗ ಯಾವ ಮನೆಗೆ ಯಾವ ನಂಬರು ಎಂದು ಸರ್ವರಿನಲ್ಲಿ ಬರೆದಿಟ್ಟ ನಿಯಮಗಳನ್ನು ತೆರೆದೆ. ಶಿವಕಾಂತಣ್ಣನ ಮನೆಯಿಂದ ಬಂದದ್ದಕ್ಕೆಲ್ಲ ನಮ್ಮ ನಂಬರು ಹಾಕು ಎಂದು ಒಂದು ಸಾಲು. ಪಾಸ್‌ವರ್ಡ್ ಇರುವುದು ನಮ್ಮಿಬ್ಬರ ಹತ್ತಿರವೇ. ಮಹಾರಾಯ ಅದನ್ನು ತೆಗೆಯುವ ಗೋಜಿಗೂ ಹೋಗಿರಲಿಲ್ಲ.

ಸಂಜೆ ಅವನು ಬಂದಾಗ ಸ್ಕ್ರೀನು ತೋರಿಸಿದೆ. ಇಲ್ಲ ಅನ್ನಲಿಲ್ಲ. ಟೀಚರಿಗೆ ಕಳಿಸಿದ್ದು ನಾನೇ, ತಪ್ಪಾಯಿತು, ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ಮಾನ ಉಳಿಸು ಅಂದ.

"ಊರಾಗ ಇಷ್ಟು ಮನಿ ಇದ್ವಲ್ರೀ. ನಮ್ಮದ ಯಾಕ?"

ನೆಲ ನೋಡಿದ. "ಶಾಕೀರನ ಹೆಸರು ಬಂದ್ರ ಮುಂದ ಯಾರೂ ವಿಚಾರ್ಸಂಗಿಲ್ಲ ಅಂತ ಗೊತ್ತಿತ್ತು."

ಹೌದು, ಯಾರೂ ವಿಚಾರಿಸಲಿಲ್ಲ. ಪೊಲೀಸರಾಗಲಿ, ಆರ್ಜೂವಿನ ಅಪ್ಪ ಮೌಲಾಸಾಬರಾಗಲಿ ಒಂದು ಮಾತು ಕೇಳಲಿಲ್ಲ. ಇವನು ಅದನ್ನೆಲ್ಲ ಮೊದಲೇ ಯೋಚಿಸಿಟ್ಟು, ಆಮೇಲೆ ಬಂದು ಅಮ್ಮಿಯ ಪಕ್ಕ ಕೂತು ಸಮಾಧಾನ ಹೇಳಿದ್ದ.

ಕೀಬೋರ್ಡಿಗೆ ಕೈ ಹಾಕಲು ಬಂದ. ತಳ್ಳಿದೆ. ಪೊಲೀಸರು ಬಂದು ನೋಡುವತನಕ ಆ ಸಾಲು ಹಾಗೇ ಇರಲಿ ಅಂದೆ.

"ಅವ್ರು ಯಾರ ಮಾತು ಕೇಳ್ತಾರಂತ ತಿಳ್ಕೊಂಡಿ, ಶಾಹೀಸ್ತಾ? ನಂದೋ, ನಿಂದೋ?" ಮೆಲ್ಲಗೇ ಕೇಳಿದ.

ನಾನು ಫೋನು ತೆಗೆದು, "ಸುಕನ್ಯಕ್ಕ, ಮಕ್ಕಳನ್ನ ಕರ್ಕೊಂಡು ಒಂದೀಟು ಅಂಗಡಿಗೆ ಬರ್ರಿ" ಅಂದೆ.

ಆಗ ಅವನು ನನ್ನ ಕಾಲಿಗೆ ಬಿದ್ದ.