ಹೆಸರಿಗೆ ಇಂಗ್ಲಿಷ್ ಇಲ್ಲ

"ಹಂಗೆ ಎಳೀಬ್ಯಾಡ್ವೇ ಮುಂಡೆ. ಗುಂಡಿ ಕಿತ್ತೋದ್ರೆ ನಿಮ್ಮಪ್ಪ ಬಂದು ಹೊಲೀತಾನಾ?"

ಎನೆಲೆಸಿ ಉಸಿರು ಬಿಗಿಹಿಡಿದು ಬಿಳಿ ರವಿಕೆಯೊಳಗೆ ತೋಳು ತೂರಿಸುತ್ತಿದ್ದಳು. ಬೆಳಗಿನಿಂದ ಟೀ ಎಲೆ ಕಿತ್ತು ಬೆರಳೆಲ್ಲ ಕಪ್ಪಾಗಿತ್ತು. ಎಲ್ಲಿ ಕಲೆ ಹತ್ತುತ್ತದೋ ಎಂದು ಇಗರ್ಜಿಯ ಮಹಿಳಾ ಸಂಘದ ಯಜಮಾನಿ ಡೋರಿಕಾ ಟೀಚರಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಬಿಳಿ ರವಿಕೆ, ಕಪ್ಪು ಲಂಗ, ತಲೆಗೊಂದು ಬಿಳಿ ಬಟ್ಟೆ, ಇದು ಸಂಘದ ಹೆಂಗಸರ ಸಮವಸ್ತ್ರ. ಆರು ವರ್ಷದ ಹಿಂದೆ ಇದೇ ಡೋರಿಕಾ ಅದನ್ನು ಎನೆಲೆಸಿಯ ಮೈಮೇಲಿಂದ ಬಿಚ್ಚಿಸಿ, ಹಿಂದಿನ ಬೆಂಚು ತೋರಿಸಿದ್ದಳು. ಅವತ್ತಿನಿಂದ ಎನೆಲೆಸಿಗೆ ಪ್ರಸಾದದ ರೊಟ್ಟಿಯೂ ಇಲ್ಲ, ಬಟ್ಟಲೂ ಇಲ್ಲ.

"ಸಂಜೆ ಬಿಚ್ಚಿ, ಕುದಿಯೋ ನೀರಲ್ಲಿ ಎರಡ್ಸಲ ಅದ್ದಿ ತಂದ್ಕೊಡು. ನಾಳೆ ಇನ್ನೊಬ್ಳು ಹಾಕ್ಕೋಬೇಕು."

"ಬಟ್ಟೆಯಿಂದ ಅಂಟಾಕಿಲ್ಲ ಟೀಚರಮ್ಮ. ನರ್ಸಮ್ಮ ನೂರ್ಸಲ ಹೇಳವ್ಳೆ."

"ನಂಗೇ ಪಾಠ ಹೇಳಾಕೆ ಬಂದ್ಬುಟ್ಲು ಲೌಡಿ."

ಎನೆಲೆಸಿ ಗುಂಡಿ ಹಾಕಿಕೊಂಡಳು. ಇವತ್ತು ಜಗಳ ಆಡುವ ದಿನವಲ್ಲ. ಮುಲಾಂಜೆ ಬೆಟ್ಟದ ಕೆಳಗಿನ ಈ ಊರಿನ ಆಸ್ಪತ್ರೆಗೆ ಏಡ್ಸ್ ಮಾತ್ರೆ ಬರುವುದು ಅಮೆರಿಕದ ಸರ್ಕಾರದ ದುಡ್ಡಿನಲ್ಲಿ. ಆ ದುಡ್ಡಿಗೆ ಕತ್ತರಿ ಬೀಳುತ್ತದೆಯಂತೆ. ಕತ್ತರಿ ಹಾಕಬೇಡಿ ಎಂದು ಅಲ್ಲಿನ ಇಗರ್ಜಿಗಳವರು ತಮ್ಮ ಪಾರ್ಲಿಮೆಂಟಿನ ಬಾಗಿಲು ತಟ್ಟುತ್ತಿದ್ದಾರೆ. ಅವರದೇ ನಾಲ್ಕು ಜನ ಇವತ್ತು ಕ್ಯಾಮೆರಾ ಹಿಡಿದು ಸಾಕ್ಷಿ ಕೇಳಲು ಬರುವವರಿದ್ದರು. ಮಾತ್ರೆ ನುಂಗುವವರು ಈ ಸೀಮೆಯಲ್ಲಿ ನಾನೂರು ಮಂದಿ ಇದ್ದರೂ ಮುಖ ತೋರಿಸಿ ಮಾತಾಡಲು ಒಪ್ಪಿದವಳು ಎನೆಲೆಸಿ ಒಬ್ಬಳೇ. ಮಾನ ಹೋಗಿ ಆರು ವರ್ಷವಾದವಳಿಗೆ ಇನ್ನೇನು ಹೋಗಬೇಕು.

ಪಾದ್ರಿ ಮುಹಿಯೆ ಅವರ ಕೋಣೆಯಲ್ಲಿ ಅವಳಿಗೆ ಕೂರಲು ಕುರ್ಚಿ ಕೊಡಲಿಲ್ಲ. ಅವರೇ ಬರೆದುಕೊಟ್ಟ ಸಾಕ್ಷಿಯನ್ನು ಬಾಯಿಪಾಠ ಒಪ್ಪಿಸಬೇಕಿತ್ತು.

"ನಾನು ಪಾಪ ಮಾಡಿ ಈ ಕಾಯಿಲೆ ತಂದ್ಕೊಂಡೆ. ಇಗರ್ಜಿ ನನ್ನ ಕೈ ಬಿಡಲಿಲ್ಲ..." ಎನೆಲೆಸಿ ಅಲ್ಲಿಗೇ ನಿಲ್ಲಿಸಿದಳು. "ಅಯ್ನೋರೆ, ತಂದೋನು ನನ್ನ ಗಂಡ. ಅವ್ನ ಬಿಟ್ರೆ ನಾನು ಇನ್ನೊಬ್ಬ ಗಂಡ್ಸಿನ ಮಗ್ಗಲು ಕಂಡೋಳಲ್ಲ."

"ಮ್ಯಾಕ್ಸನ್ ಹದಿನಾರು ವರ್ಷ ಈ ಸಭೆಗೆ ಹಿರಿಯನಾಗಿದ್ದೋನು. ಸತ್ತೋನ ಮೇಲೆ ಕೆಸರು ಎರಚ್ತೀಯಾ, ನಾಚಿಕೆಗೆಟ್ಟೋಳೆ?" ಪಾದ್ರಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ಎರಡು ದಿನ ಊಟ ಬಿಡು ಅಂದಿದ್ನಲ್ಲ? ಕುಂಬಳಕಾಯಿ ಥರ ಬಂದು ನಿಂತಿದ್ದೀಯ. ರೋಗಿ ಅಂತ ಯಾರು ನಂಬ್ತಾರೆ?"

"ಖಾಲಿ ಹೊಟ್ಟೇಲಿ ಮಾತ್ರೆ ನುಂಗುದ್ರೆ ವಾಂತಿ ಆಯ್ತದೆ ಅಯ್ನೋರೆ. ಒಂದು ಮುದ್ದೆ ಮೆಕ್ಕೆಜೋಳದ ನ್ಸಿಮ ತಿಂದೆ."

"ಅಳು ಬರ್ಲಿಲ್ಲ ಅಂದ್ರೆ ಕಣ್ಣುಜ್ಜಿಕೋ. ಬರೆದಿದ್ದಕ್ಕಿಂತ ಒಂದು ಮಾತು ಜಾಸ್ತಿ ಆಡಿ, ಅವರು ಮುನಿಸ್ಕೊಂಡು ಹೋದ್ರೆ, ನಾನೂರು ಜನರ ಸಾವು ನಿನ್ನ ತಲೆಗೆ. ತಿಳ್ಕೊ."

ಹೊರಗೆ ಬಂದವಳಿಗೆ ಕೂತರೂ ಆಗದು, ನಿಂತರೂ ಆಗದು. ಇಗರ್ಜಿಯನ್ನು ಮೂರು ಸುತ್ತು ಹಾಕಿದಳು. ನಿಜ ಹೇಳಿದರೆ ಮಾತ್ರೆ ಹೋದೀತು, ಸುಳ್ಳು ಹೇಳಿದರೆ ತಾನೇ ಸೂಳೆ ಎಂದು ದೇವರ ಮನೆಯಲ್ಲಿ ನಿಂತು ಒಪ್ಪಿಕೊಂಡ ಹಾಗೆ. ಅತ್ತ ದರಿ, ಇತ್ತ ಪುಲಿ. ಮ್ಯಾಕ್ಸನ್‌ನನ್ನು ಗಂಟೆ ಹೊಡೆದು, ಹಾಡು ಹೇಳಿ ಹೂತಿದ್ದರು. ಮೂರು ತಿಂಗಳಿಗೆ ಅವಳಿಗೆ ಕಾಯಿಲೆ ಇದೆಯೆಂದು ಗೊತ್ತಾದಾಗ, ತಂದವಳು ಅವಳೇ ಎಂದು ಸಭೆ ತೀರ್ಮಾನಿಸಿತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಬಂದ ನಾಲ್ವರಲ್ಲಿ ದೊಡ್ಡವಳು ನರೆತ ತಲೆಯ ಮುದುಕಿ, ಇಲ್ಲಿಯವರದೇ ಬಣ್ಣ. ಇಗರ್ಜಿಯೊಳಗೆ ಕ್ಯಾಮೆರಾದ ಕೆಂಪು ದೀಪ ಹತ್ತಿತು. ಎನೆಲೆಸಿಯ ಮಾತನ್ನು ಪಾದ್ರಿ ಇಂಗ್ಲಿಷಿಗೆ ತಿರುಗಿಸುವರೆಂದು ಏರ್ಪಾಡಾಗಿತ್ತು.

"ನಾನು ಎನೆಲೆಸಿ. ದಿನಕ್ಕೆ ನಲವತ್ತೆಂಟು ಕಿಲೋ ಎಲೆ ಕೀಳ್ತೀನಿ. ನಿಮ್ಮ ಮಾತ್ರೆ ಇಲ್ದಿದ್ರೆ ಯಾವತ್ತೋ ಮಣ್ಣಾಗ್ತಿದ್ದೆ. ನಿಲ್ಲಿಸ್ಬ್ಯಾಡಿ ಅಂತ ನಿಮ್ಮ ದೊಡ್ಡೋರಿಗೆ ಹೇಳಿ."

ಪಾದ್ರಿ ತಿರುಗಿಸಿದರು. ಮುದುಕಿ ತಲೆದೂಗಿದಳು.

"ಕಾಯಿಲೆ ಕೊಟ್ಟೋನು ನನ್ನ ಗಂಡ ಮ್ಯಾಕ್ಸನ್. ಮ್ಯಾಕ್ಸನ್‌ನ ಹಾಡು ಹೇಳಿ ಹೂತ್ರು, ನನ್ನ ಹಿಂದಿನ ಬೆಂಚಿಗೆ ತಳ್ಳಿದ್ರು. ಈ ರವಿಕೆ ಇವತ್ತು ಒಂದಿನಕ್ಕೆ ಕೊಟ್ಟವ್ರೆ."

ಪಾದ್ರಿ ನಗುಮುಖದಲ್ಲೇ ಅದನ್ನೂ ತಿರುಗಿಸಿದರು. ಬಂದವರು ಕಣ್ಣೊರೆಸಿಕೊಂಡರು. ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟ ಎನೆಲೆಸಿಗೆ ಇಂಗ್ಲಿಷು ಬಾರದು. ಆದರೆ ಅವಳು ಮ್ಯಾಕ್ಸನ್ ಎಂದು ಎರಡು ಸಲ ಅಂದಿದ್ದಳು. ಪಾದ್ರಿಯ ಬಾಯಲ್ಲಿ ಅದು ಒಂದು ಸಲವೂ ಬರಲಿಲ್ಲ.

"ಅಯ್ನೋರೆ, ಹೆಸ್ರಿಗೂ ಇಂಗ್ಲಿಷ್ ಐತಾ?"

"ಏನು?"

"ಮ್ಯಾಕ್ಸನ್ ಅಂದೆ. ನೀವು ಅನ್ನಲೇ ಇಲ್ಲ."

"ಕೂತ್ಕೊ," ಎಂದರು ಪಾದ್ರಿ, ಹಲ್ಲು ಕಚ್ಚಿಕೊಂಡೇ ನಗುತ್ತ.

ಅವಳು ಕೂರಲಿಲ್ಲ. ಹೋಗಿ ಮುದುಕಿಯ ಕೈ ಹಿಡಿದು ಎಬ್ಬಿಸಿ ಪಕ್ಕದ ಗೋಡೆಗೆ ಕರೆತಂದಳು. ತೀರಿಕೊಂಡ ಹಿರಿಯರ ಹೆಸರುಗಳನ್ನು ಅಲ್ಲಿ ನೀಲಿ ಬಣ್ಣದಲ್ಲಿ ಬರೆಸಿದ್ದರು. ಕಪ್ಪು ಬೆರಳು ಕೆಳಗಿನಿಂದ ಮೇಲಕ್ಕೆ ಹೆಸರು ಹುಡುಕಿತು. ವೈಸನ್ ಎಂಬಲ್ಲಿ ಹಾದುಹೋಯಿತು. ಅವನು ಡೋರಿಕಾಳ ಗಂಡ, ಎದೆರೋಗದಲ್ಲಿ ಹೋದನೆಂದು ಊರೆಲ್ಲ ನಂಬಿತ್ತು. ಮ್ಯಾಕ್ಸನ್ ಎಂಬಲ್ಲಿ ಬೆರಳು ನಿಂತಿತು. ಎನೆಲೆಸಿ ಆ ಹೆಸರನ್ನು ಮುಟ್ಟಿ, ತನ್ನ ಎದೆ ಮುಟ್ಟಿಕೊಂಡಳು.

ಮುದುಕಿ ಹೆಸರನ್ನು ಓದಿ, ತಿರುಗಿ ಏನೋ ಕೇಳಿದಳು. ಪಾದ್ರಿ ಅದನ್ನು ಎನೆಲೆಸಿಗೆ ಹೇಳಲೇ ಇಲ್ಲ.

"ಟೀಚರಮ್ಮ, ಇವಳ್ನ ಆಚೆ ಕರ್ಕೊಂಡೋಗಿ. ತಲೆ ಕೆಟ್ಟೋಗಿದೆ."

ಡೋರಿಕಾ ಬಂದು ಮೊಣಕೈ ಹಿಡಿದಳು. ಹಿಡಿತದಲ್ಲಿ ಎಂದಿನ ಬಿಗಿ ಇರಲಿಲ್ಲ.

"ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೀರಿ ಟೀಚರಮ್ಮ," ಎಂದಳು ಎನೆಲೆಸಿ. "ಏನ್ ಕೇಳುದ್ರು ಅವ್ರು?"

ಡೋರಿಕಾ ಪಾದ್ರಿಯನ್ನು ನೋಡಿದಳು. ಆಮೇಲೆ ಗೋಡೆಯ ಮೇಲೆ ತನ್ನ ಗಂಡನ ಹೆಸರಿದ್ದ ಕಡೆ ನೋಡಿದಳು.

"ಕಾಯಿಲೆ ಗಂಡನಿಂದ್ಲೇ ಬಂತಾ ಅಂತ ಕೇಳ್ತಾವ್ರೆ."

"ಹೂಂ ಅನ್ನಿ."

ಡೋರಿಕಾ ಇಂಗ್ಲಿಷಿನಲ್ಲಿ ಹೂಂ ಅಂದಳು. ಅಷ್ಟಕ್ಕೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಗಟ್ಟಿ ದನಿಯಲ್ಲಿ ಮಾತು ಮುಂದುವರಿಯಿತು. ಎನೆಲೆಸಿಯ ಮೊಣಕೈ ಹಿಡಿದ ಕೈ ಯಾವಾಗಲೋ ಜಾರಿಹೋಗಿತ್ತು. "ಟೀಚರಮ್ಮ, ಸಾಕು," ಎಂದರು ಪಾದ್ರಿ. ಮತ್ತೊಮ್ಮೆ ಅಂದರು. ಕ್ಯಾಮೆರಾದ ದೀಪ ಹತ್ತಿಕೊಂಡೇ ಇತ್ತು.

ಎನೆಲೆಸಿಗೆ ಒಂದು ಮಾತೂ ಅರ್ಥವಾಗಲಿಲ್ಲ. ಹೆಸರುಗಳಿಗಾಗಿ ಕಿವಿಗೊಟ್ಟು ನಿಂತಳು. ಮೊದಲು ಮ್ಯಾಕ್ಸನ್ ಬಂದ. ಸ್ವಲ್ಪ ಹೊತ್ತಿನ ಮೇಲೆ ವೈಸನ್ ಬಂದ.