ಸಾಕ್ಷಿಯ ತಾಟಿನ ತೂಕ

ಸಾಕ್ಷಿಗೆ ಒಂಬತ್ತು ವರ್ಷ. ಕಳೆದ ಬೇಸಿಗೆಯಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದಾಗಿನಿಂದ ಊಟಕ್ಕೆ ಮುಂಚೆ ಇನ್ಸುಲಿನ್ ಸೂಜಿ ಹಾಕುವ ಕೆಲಸ ತಾಯಿ ಸುಮಂಗಲಾಳದು. ಉಣ್ಣುವುದು ಎಷ್ಟೋ ಅದಕ್ಕೆ ತಕ್ಕಷ್ಟೇ ಔಷಧಿ. ಒಂದು ವಾಟಿ ಅನ್ನಕ್ಕೆ ಎಷ್ಟು ಹಾಕಬೇಕೆಂದು ವಿಜಯಪುರದ ಡಾಕ್ಟರು ಹೇಳಿಕೊಟ್ಟಿದ್ದರು.

ಒಂದು ಸಂಜೆ ಸಾಕ್ಷಿ ಅನ್ನ ಬೇಡ, ಚುರಮರಿ ಬೇಕು ಎಂದಳು. ಸುಮಂಗಲಾ ಅದೇ ವಾಟಿಯಲ್ಲಿ ಅಳೆದು, ಎಣ್ಣೆ ಖಾರ ಕಲಸಿ ಕೊಟ್ಟಳು. ಸೂಜಿಯನ್ನೂ ಅನ್ನಕ್ಕೆ ಹಾಕುವಷ್ಟೇ ಹಾಕಿದಳು. ಸ್ವಲ್ಪ ಹೊತ್ತಿಗೆ ಹುಡುಗಿ ಬೆವೆತಳು, ಕೈ ನಡುಗಿದವು, ಮಾತು ತೊದಲಿತು. ಸಕ್ಕರೆ ನೀರು ಕುಡಿಸಿದ ಮೇಲೆಯೇ ಮುಖಕ್ಕೆ ಕಳೆ ಬಂದದ್ದು.

ಫೋನಿನಲ್ಲಿ ಡಾಕ್ಟರು ಬಯ್ಯಲಿಲ್ಲ. “ವಾಟಿ ಒಂದ ಆದ್ರೂ ತೂಕ ಒಂದ ಅಲ್ರಿ. ಚುರಮರಿಯಾಗ ಬರೇ ಗಾಳಿ. ಇನ್ನ ಮ್ಯಾಲೆ ತೂಗಿ ನೋಡ್ರಿ. ಯಾವುದು ಎಷ್ಟ ಗ್ರಾಮಿಗೆ ಎಷ್ಟ ಔಷಧಿ ಅಂತ ಪಟ್ಟಿ ಕಳಸ್ತೇನಿ,” ಎಂದರು.

ಮರುದಿನವೇ ಸುಮಂಗಲಾ ಬಾಗೇವಾಡಿ ಪೇಟೆಯ ಕಿರಾಣಿ ಅಂಗಡಿಗೆ ಹೋಗಿ, ಗ್ರಾಂ ತೋರಿಸುವ ತೂಕದ ಮಷೀನು ಎಲ್ಲಿ ಸಿಗುತ್ತದೆಂದು ಕೇಳಿದಳು. ಅಂಗಡಿಯ ಮಶಾಕಸಾಬ ವಿಷಯ ಕೇಳಿ ತನ್ನದನ್ನೇ ಎತ್ತಿ ಕೊಟ್ಟ.

“ಯಾಲಕ್ಕಿ, ಲವಂಗ ತೂಗೂದು. ಒಯ್ಯವಾ ತಂಗಿ. ಕೂಸಿಗಿಂತ ಯಾಲಕ್ಕಿ ದೊಡ್ಡದೇನ?”

ಮನೆಯಲ್ಲಿ ಅವಳು ಒಂದೊಂದನ್ನೇ ವಾಟಿಗೆ ತುಂಬಿ ತೂಗತೊಡಗಿದಳು. ಒಂದು ವಾಟಿ ಅನ್ನದ ತೂಕಕ್ಕೆ ಹತ್ತು ವಾಟಿ ಚುರಮರಿ ಬೇಕಾಯಿತು. ಅವತ್ತು ಅವಳು ಕೊಟ್ಟದ್ದು ಒಂದೇ ವಾಟಿ.

ಅತ್ತೆ ಗುಂಡವ್ವನಿಗೆ ಇದು ಸರಿಬರಲಿಲ್ಲ. “ಕೂಸಿನ ಅನ್ನಾ ತೂಗಬಾರದು. ದೃಷ್ಟಿ ತಗಲತೈತಿ.”

“ದೃಷ್ಟಿ ಆದ್ರ ನಿವಾಳಸ್ತೇನ್ರಿ ಅತ್ತಿ. ತೂಗೂದು ಬಿಡಂಗಿಲ್ಲ.”

ರೊಟ್ಟಿಯ ವಿಷಯಕ್ಕೆ ಜಗಳವೇ ಆಯಿತು. ಗುಂಡವ್ವ ಬಡಿದ ರೊಟ್ಟಿ ಒಂದು ದಪ್ಪ, ಒಂದು ತೆಳು. ಸೊಸೆ ಪ್ರತಿಯೊಂದನ್ನೂ ಮಷೀನಿನ ಮೇಲಿಡುವುದನ್ನು ಕಂಡು ಮುದುಕಿ ಸಿಟ್ಟಾದಳು.

“ಹುಟ್ಟಿದಾಗಿಂದ ರೊಟ್ಟಿ ಬಡದೇನಿ. ನನ್ನ ಕೈ ಮ್ಯಾಲ ನಂಬಿಗಿ ಇಲ್ಲೇನ?”

“ನಿಮ್ಮ ಕೈ ಮ್ಯಾಲ ಐತ್ರಿ. ಸೂಜಿ ಮ್ಯಾಲ ಇಲ್ಲ. ಹೆಚ್ಚಾತು ಅಂತ ಹೇಳಾಕ ಅದಕ್ಕ ಬಾಯಿ ಇಲ್ಲ.”

ಗುಂಡವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ಬೆಳಿಗ್ಗೆ, ಒಲೆಯ ಮುಂದೆ ಕುಳಿತಲ್ಲಿಂದಲೇ ಹಿಟ್ಟಿನ ಉಂಡೆಯನ್ನು ಮಷೀನಿನ ಮೇಲಿಟ್ಟು ಮೊಮ್ಮಗಳನ್ನು ಕರೆದಳು. “ಎಷ್ಟ ತೋರಸಾಕತ್ತೈತಿ ನೋಡ.” ಸಾಕ್ಷಿ ಓದಿ ಹೇಳಿದಳು. ಮುದುಕಿ ಒಂದು ಚೂರು ಹಿಟ್ಟು ಚಿವುಟಿ ತೆಗೆದಳು.

ಶ್ರಾವಣ ಕಳೆದ ಮೇಲೆ ತಂಗಡಗಿಯ ಬೀಗರ ಮನೆಯಲ್ಲಿ ಸೀಮಂತ. ಊಟದ ಸಾಲಿನಲ್ಲಿ ಸಾಕ್ಷಿಯ ಸರದಿ ಬಂದಾಗ ಬಡಿಸುವವಳು ಗೋಧಿ, ಬೆಲ್ಲದ ಮಾದಲಿಯ ಬುಟ್ಟಿಯನ್ನು ಬಡಿಸದೆ ಮುಂದಕ್ಕೆ ಒಯ್ದಳು. “ಈಕಿಗೆ ಸಿಹಿ ನಡಿಯಂಗಿಲ್ಲಲ್ಲ.” ಹುಡುಗಿ ತಲೆ ತಗ್ಗಿಸಿದಳು.

“ನಡೀತೈತ್ರಿ, ಈ ಕಡೆ ತರ್ರಿ,” ಎಂದು ಸುಮಂಗಲಾ ಚೀಲದಿಂದ ಮಷೀನು ತೆಗೆದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ನಕ್ಕರು. ಸುಮಂಗಲಾ ತಲೆ ಎತ್ತಲಿಲ್ಲ. ಮಾದಲಿ ತೂಗಿ, ಲೆಕ್ಕ ಹಾಕಿ, ಮಗಳ ತೋಳಿಗೆ ಸೂಜಿ ಹಾಕಿದಳು. ಮಾದಲಿಯ ಮೇಲೆ ತುಪ್ಪ ಬಿಟ್ಟವಳು ಗುಂಡವ್ವ.

ಎರಡು ತಾಸಿನ ಮೇಲೆ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ತುಸು ಏರಿತ್ತು, ಹೆದರುವಷ್ಟಲ್ಲ.

“ಬೆಲ್ಲ ಜಾಸ್ತಿ ಹಾಕ್ಯಾರ,” ಎಂದಳು ಸುಮಂಗಲಾ. “ನಾಳೆ ಮನ್ಯಾಗ ನಾವ ಮಾಡಿ ನೋಡೋಣು.”